ಹಾಡಿನ ಮನೆಗೆ ಕಲಿಯಲು ಹೋಗುವ ಮುನ್ನ

ಕಳೆದ ವರ್ಷ ಭತ್ತದ ಕೊಯ್ಲು ಮುಗಿದ ಹೊತ್ತಿಗೆ ನಾನು ಸಾಲಗುಂದಕ್ಕೆ ಹೋಗಿದ್ದೆ. ಸಿಂಧನೂರು ತಾಲೂಕಿನ ಈ ಊರಿನಲ್ಲಿ ನನ್ನ ತಂಗಿಯ ಮನೆಯಿದೆ. ಸಲಾಂ ಹೇಳಿ ಒಳಗೆ ಕಾಲಿಡುವಾಗಲೇ ಮನೆಯಲ್ಲಿ ಏನೋ ನಡೆದಿದೆ ಎಂಬುದು ತಿಳಿಯಿತು. ಭಾವ ಅಂಗಳದಲ್ಲಿ ಮಾತಿಲ್ಲದೆ ಕುಳಿತಿದ್ದರು. ತಂಗಿಯ ಮಗಳು ಒಳಕೋಣೆಯಲ್ಲಿ ಮುಸುಕು ಹೊದ್ದು ಮಲಗಿದ್ದಳು.

"ಆಪಾ, ಹುಡುಗಿ ಎರಡು ದಿನದಿಂದ ಅಳ್ತಾ ಕುಂತಾಳ. ಹೂಂ ಅಂದ್ರೂ ಅಂಜಿಕಿ, ಬ್ಯಾಡ ಅಂದ್ರೂ ಅಂಜಿಕಿ" ಎಂದಳು ತಂಗಿ.

ಹುಡುಗಿ ಸಿಂಧನೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಪತ್ರಿಕೋದ್ಯಮ ಅವಳ ಒಂದು ಐಚ್ಛಿಕ ವಿಷಯ. ಚಿಕ್ಕಂದಿನಿಂದಲೂ ಇಂಪಾದ ಕಂಠ. ಹೆಣ್ಣುಮಕ್ಕಳ ಸಭೆಗಳಲ್ಲಿ ನಅತ್ ಹಾಡುತ್ತಿದ್ದಳು. ಆದರೆ ಅವಳ ಮನಸ್ಸಿದ್ದದ್ದು ಹಾಡುವುದರಲ್ಲಿ ಅಲ್ಲ, ಧ್ವನಿಮುದ್ರಣದಲ್ಲಿ. ಕಾಲೇಜಿನವರು ಮೂವತ್ತು ದಿನ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ ವರದಿ ಕೊಡಿ ಎಂದಿದ್ದರು. ಇವಳು ಮೊಬೈಲಿನಲ್ಲಿ ಹುಡುಕಿ ಬೆಂಗಳೂರಿನ ಒಂದು ಸಂಗೀತ ಸ್ಟುಡಿಯೋಗೆ ಅರ್ಜಿ ಹಾಕಿದ್ದಳು. ಮರುದಿನವೇ "ನೀವು ಆಯ್ಕೆಯಾಗಿದ್ದೀರಿ" ಎಂಬ ಉತ್ತರ ಬಂದಿತ್ತು.

ಭಾವ ಒಂದೇ ಮಾತಿನಲ್ಲಿ ಮುಗಿಸಿದ್ದರು: "ಗಾನಾ ಬಜಾನಾ ನಮ್ಮ ಮನೆತನದ ಕೆಲಸ ಅಲ್ಲ."

"ಖಾಲಾ, ನೀವರ ಹೇಳ್ರಿ ಅಬ್ಬಾಗೆ" ಎಂದು ಹುಡುಗಿ ನನ್ನ ಕೈ ಹಿಡಿದಳು. ಏನು ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಆ ಮೇಲೆ ಎರಡು ವಾರ ಕಾಲ ನಾನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಶ್ನೆ ಇಂದು ಅನೇಕ ಮನೆಗಳ ಹೊಸ್ತಿಲಿಗೆ ಬಂದಿದೆ.

ಹೆಸರು ಹೊಸದು, ರೂಢಿ ಹಳೆಯದು

ಇಂಟರ್ನ್‌ಶಿಪ್ ಎಂದರೆ ಓದುತ್ತಿರುವಾಗಲೇ ಕೆಲಸದ ಜಾಗಕ್ಕೆ ಹೋಗಿ ಕೆಲಸ ಕಲಿಯುವುದು. 2021-22ರಲ್ಲಿ ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ಈ ಮಾತು ಸಾಮಾನ್ಯ ಪದವಿ ಕಾಲೇಜುಗಳಿಗೂ ಬಂತು. 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆದರೂ ಇಂಟರ್ನ್‌ಶಿಪ್ ಎಂಬ ಮಾತು ಕಾಲೇಜುಗಳಲ್ಲಿ ಉಳಿದುಕೊಂಡಿದೆ. ಯು.ಜಿ.ಸಿ.ಯ ಚೌಕಟ್ಟಿನಲ್ಲಿ ಇಂಥ ಪ್ರಾಯೋಗಿಕ ಕಲಿಕೆಯ 1 ಕ್ರೆಡಿಟ್‌ಗೆ 30 ಗಂಟೆಗಳ ಲೆಕ್ಕ. ನಿಮ್ಮ ಮಗಳಿಗೆ ಎಷ್ಟು ದಿನ ಬೇಕು, ಕಡ್ಡಾಯವೋ ಅಲ್ಲವೋ ಎಂಬುದನ್ನು ಕಾಲೇಜಿನ ಪಠ್ಯಕ್ರಮ ನೋಡಿಯೇ ತಿಳಿಯಬೇಕು. ಗೆಳತಿಯರ ಮಾತು ಸಾಲದು.

ಹಾಡು ಮತ್ತು ನಾಟಕದ ಲೋಕದಲ್ಲಿ ಈ ರೂಢಿ ಮೊದಲಿನಿಂದಲೂ ಇದೆ. ಡಾ. ರಾಜ್‌ಕುಮಾರ್ ಬಾಲ್ಯದಲ್ಲೇ ತಂದೆಯೊಂದಿಗೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿ ಕೆಲಸ ಕಲಿತರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ ಸಂಗೀತ ಕಲಿತು ಬದುಕು ಕಟ್ಟಿಕೊಂಡರು. ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಮೈಸೂರು ಆಸ್ಥಾನಕ್ಕೆ ಹೋಗಿ ಬರುವ ದಾರಿಯಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ತಂಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯ. ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಧಾರವಾಡದ ಸಿತಾರ್ ವಾದಕ ರಹಿಮತ್ ಖಾನರ ಮನೆತನ ತಲೆಮಾರುಗಳಿಂದ ಈ ವಿದ್ಯೆಯನ್ನು ಕಲಿಸುತ್ತ ಬಂದಿದೆ.

ಆಗ ಒಂದು ಅನುಕೂಲವಿತ್ತು. ಉಸ್ತಾದರು ಯಾರು, ಅವರ ಮನೆ ಯಾವುದು, ಮನೆಯಲ್ಲಿ ಯಾರು ಯಾರಿದ್ದಾರೆ ಎಂಬುದು ಹೆತ್ತವರಿಗೆ ಗೊತ್ತಿರುತ್ತಿತ್ತು. ಇಂದು ಮಗಳು ಹೋಗುವುದು ಮೊಬೈಲಿನಲ್ಲಿ ಕಂಡ ಒಂದು ವಿಳಾಸಕ್ಕೆ. ಹೆತ್ತವರ ಹೆದರಿಕೆಯ ಬೇರು ಇರುವುದು ಇಲ್ಲಿ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ "ಹಾಡಿನ ಕೆಲಸವೇ?" ಎಂಬುದಲ್ಲ, "ಯಾರ ಕೈಕೆಳಗೆ, ಯಾವ ಕಾಗದದ ಮೇಲೆ?" ಎಂಬುದು.

ತೆರೆಯ ಹಿಂದೆಯೂ ಕೆಲಸವಿದೆ

ಮನರಂಜನೆಯ ಉದ್ಯಮವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವೇದಿಕೆ, ಬೆಳಕು, ಬಣ್ಣ. ವೇದಿಕೆಯ ಮೇಲೆ ಒಬ್ಬರು ಕಾಣುತ್ತಾರೆ; ಕಾಣದವರು ಹತ್ತಾರು ಜನ. ಧ್ವನಿಮುದ್ರಣ, ಸಂಕಲನ, ಬರವಣಿಗೆ, ಅನುವಾದ, ಮಕ್ಕಳ ಕಾರ್ಯಕ್ರಮ, ಪಠ್ಯಪುಸ್ತಕಗಳಿಗೆ ಧ್ವನಿ ಕೊಡುವುದು, ಲೆಕ್ಕಪತ್ರ, ಹಕ್ಕುಗಳ ಕಾನೂನು: ಇವೆಲ್ಲವೂ ಈ ಉದ್ಯಮದ ಕೆಲಸಗಳೇ.

ಕೇರಳದ ಕೊಲ್ಲಂ ಜಿಲ್ಲೆಯ ಹಳ್ಳಿಯಿಂದ ಬಂದ ರಸೂಲ್ ಪೂಕುಟ್ಟಿ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಧ್ವನಿ ವಿಭಾಗದಲ್ಲಿ ಓದಿದರು. 2009ರಲ್ಲಿ 'ಸ್ಲಂಡಾಗ್ ಮಿಲಿಯನೇರ್' ಚಿತ್ರದ ಧ್ವನಿ ಮಿಶ್ರಣಕ್ಕಾಗಿ ಆಸ್ಕರ್ ಹಂಚಿಕೊಂಡರು. ಅದೇ ಚಿತ್ರಕ್ಕೆ ಆಸ್ಕರ್ ಪಡೆದ ಎ.ಆರ್. ರಹಮಾನ್ ಒಂಬತ್ತು ವರ್ಷದವರಿದ್ದಾಗ ತಂದೆಯನ್ನು ಕಳೆದುಕೊಂಡವರು. ತಂದೆ ಬಿಟ್ಟುಹೋದ ವಾದ್ಯಗಳ ಬಾಡಿಗೆಯೇ ಮನೆಗೆ ಆಧಾರವಾಗಿತ್ತು. ಎಳೆಯ ವಯಸ್ಸಿನಲ್ಲೇ ಬೇರೆಯವರ ತಂಡಗಳಲ್ಲಿ ಕೀಬೋರ್ಡ್ ನುಡಿಸಿ ಕೆಲಸ ಕಲಿತರು. 'ರೋಜಾ' ಬಂದದ್ದು 1992ರಲ್ಲಿ. ಅದರ ಹಿಂದೆ ಹಲವು ವರ್ಷಗಳ, ಯಾರೂ ಗಮನಿಸದ ದುಡಿಮೆ ಇತ್ತು.

ವಾದ್ಯ ಸಂಗೀತದ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಸಲ್ಲದೆನ್ನುವವರಿದ್ದಾರೆ, ನಿಬಂಧನೆಗಳೊಂದಿಗೆ ಅನುಮತಿ ಇದೆ ಎನ್ನುವವರೂ ಇದ್ದಾರೆ. ಅದನ್ನು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಆಯಾ ಕುಟುಂಬ ತನ್ನ ನಂಬಿಕೆಯಂತೆ ತಿಳಿದವರನ್ನು ಕೇಳಿ ನಿರ್ಧರಿಸಲಿ. ಆದರೆ ಮಗಳು ಯಾವ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾಳೆ ಎಂಬುದನ್ನು ಕೇಳದೆ ಬಾಗಿಲು ಮುಚ್ಚುವುದು ನ್ಯಾಯವಲ್ಲ. ನಮ್ಮ ಹುಡುಗಿಯನ್ನು ಅವಳ ತಂದೆ ಒಮ್ಮೆಯೂ ಕೇಳಿರಲಿಲ್ಲ. ವೇದಿಕೆಯ ಮೇಲೆ ಹಾಡಲು ಹೋಗುತ್ತಾಳೆ ಎಂದೇ ಅವರು ತಿಳಿದಿದ್ದರು.

ಹದಿನೈದು ಸಾವಿರದ ಆಯ್ಕೆ

ಬೆಂಗಳೂರಿನ ಆ ಸ್ಟುಡಿಯೋದವರು ಆಯ್ಕೆಯ ಸಂದೇಶದ ಹಿಂದೆಯೇ ಇನ್ನೊಂದು ಸಂದೇಶ ಕಳಿಸಿದ್ದರು. "ತರಬೇತಿ ಶುಲ್ಕ" 15,000 ರೂಪಾಯಿ, ಎರಡು ದಿನದೊಳಗೆ ಕಟ್ಟಬೇಕು. ಇದನ್ನು ಹುಡುಗಿ ಯಾರಿಗೂ ಹೇಳಿರಲಿಲ್ಲ. ನಾನು ಆ ನಂಬರಿಗೆ ಕರೆ ಮಾಡಿದೆ. ಕಚೇರಿ ವಿಳಾಸ ಕೇಳಿದರೆ "ಬಂದ ಮೇಲೆ ಲೊಕೇಶನ್ ಕಳಿಸ್ತೀವಿ" ಎಂದರು. ಕಾಲೇಜಿನ ಹೆಸರಿಗೆ ಪತ್ರ ಕೊಡುತ್ತೀರಾ ಎಂದರೆ "ಕೊನೆಗೆ ಸರ್ಟಿಫಿಕೇಟ್ ಕೊಡ್ತೀವಿ" ಎಂದರು. ಕೆಲಸದ ವೇಳೆ ಕೇಳಿದಾಗ "ಸಂಗೀತದವರಿಗೆ ವೇಳೆ ಎಲ್ಲಿ ಮೇಡಂ, ರಾತ್ರಿಯೇ ನಮಗೆ ಹಗಲು" ಎಂದು ನಕ್ಕರು.

ಅಲ್ಲಿಗೆ ಆ ವಿಷಯ ಮುಗಿಯಿತು. ಹುಡುಗಿಗೂ ತಾನಾಗಿಯೇ ಅರ್ಥವಾಯಿತು. ಭಾವನವರ "ಬೇಡ"ದಿಂದ ಅಳುತ್ತಿದ್ದವಳು ಈ ಉತ್ತರ ಕೇಳಿ ಅಳಲಿಲ್ಲ. ಬರೀ ಬೇಡ ಎನ್ನುವುದಕ್ಕೂ, ಏಕೆ ಬೇಡ ಎಂದು ತೋರಿಸುವುದಕ್ಕೂ ಇರುವ ಅಂತರ ಇದು.

ಸರಿಯಾದ ಜಾಗವೇ ಎಂದು ತಿಳಿಯಲು ಈ ಪ್ರಶ್ನೆಗಳನ್ನು ಕೇಳಬೇಕು:

1. ಸಂಸ್ಥೆಗೆ ನೋಂದಾಯಿತ ಹೆಸರು, ಕಚೇರಿ, ಸ್ಥಿರ ದೂರವಾಣಿ ಇದೆಯೇ? ಕಾಲೇಜಿನ ಅಧ್ಯಾಪಕರು ಅಲ್ಲಿಗೆ ಮಾತನಾಡಿದ್ದಾರೆಯೇ?

2. ಕೆಲಸ ಕಲಿಸಲು ವಿದ್ಯಾರ್ಥಿಯಿಂದಲೇ ಹಣ ಕೇಳುತ್ತಾರೆಯೇ? ಕೋರ್ಸಿಗೆ ಶುಲ್ಕ ಇರಬಹುದು, ಇಂಟರ್ನ್‌ಶಿಪ್‌ಗೆ ಇರಬಾರದು. ಆತುರಪಡಿಸಿ ಹಣ ಕೇಳಿದರೆ ಅಲ್ಲಿಗೆ ನಿಲ್ಲಿಸಿ.

3. ಎಂದಿನಿಂದ ಎಂದಿನವರೆಗೆ, ದಿನಕ್ಕೆ ಎಷ್ಟು ಗಂಟೆ, ಯಾವ ಕೆಲಸ, ಯಾರ ಮೇಲ್ವಿಚಾರಣೆ ಎಂಬುದು ಪತ್ರದಲ್ಲಿ ಇದೆಯೇ?

4. ಸ್ಟೈಪೆಂಡ್ ಉಂಟೋ ಇಲ್ಲವೋ? ಇಲ್ಲವಾದರೆ ಊಟ, ಬಸ್ಸು, ವಸತಿಯ ಖರ್ಚು ಮನೆಗೆ ತಾಳುತ್ತದೆಯೇ?

5. ಅಲ್ಲಿ ಬೇರೆ ಮಹಿಳೆಯರು ಕೆಲಸ ಮಾಡುತ್ತಾರೆಯೇ? ಕಿರುಕುಳದ ದೂರು ಕೇಳುವ ಸಮಿತಿ ಇದೆಯೇ?

6. ಅವಳು ಮಾಡಿದ ಕೆಲಸಕ್ಕೆ ಅವಳ ಹೆಸರು ಹಾಕುತ್ತಾರೆಯೇ?

ಈ ಪ್ರಶ್ನೆಗಳಿಗೆ ಒಳ್ಳೆಯ ಸಂಸ್ಥೆ ಬೇಸರಪಡುವುದಿಲ್ಲ. ಬೇಸರಪಡುವ ಸಂಸ್ಥೆ ಅಲ್ಲೇ ತನ್ನ ಗುಣ ತೋರಿಸಿಕೊಳ್ಳುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ತಿಳಿದಿರಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಸೇರಿದವರಿಗೆ ಒಪ್ಪಂದ ನೋಂದಣಿಯಾಗುತ್ತದೆ, ಸ್ಟೈಪೆಂಡ್ ಕೊಡಲೇಬೇಕು. ಕಾಲೇಜಿನ ಸಾಮಾನ್ಯ ಇಂಟರ್ನ್‌ಶಿಪ್‌ಗೆ ಈ ರಕ್ಷಣೆ ಇಲ್ಲ. ಹಾಗಾಗಿಯೇ ಅಲ್ಲಿ ಪತ್ರಕ್ಕೆ ಹೆಚ್ಚು ಬೆಲೆ.

ಕಾನೂನು ನಮ್ಮ ಮಗಳ ಪರ

ಕಿರುಕುಳದ ಹೆದರಿಕೆ ಸುಳ್ಳಲ್ಲ. 2017ರಲ್ಲಿ ಕೇರಳ ಸರ್ಕಾರ ಅಲ್ಲಿನ ಚಿತ್ರರಂಗದ ಮಹಿಳೆಯರ ಸ್ಥಿತಿಗತಿ ತಿಳಿಯಲು ನ್ಯಾಯಮೂರ್ತಿ ಹೇಮಾ ಸಮಿತಿಯನ್ನು ನೇಮಿಸಿತು. 2019ರ ಕೊನೆಯಲ್ಲಿ ವರದಿ ಸರ್ಕಾರದ ಕೈ ಸೇರಿತು. ಜನರ ಮುಂದೆ ಬಂದದ್ದು 2024ರ ಆಗಸ್ಟಿನಲ್ಲಿ. ಅವಕಾಶದ ಹೆಸರಿನಲ್ಲಿ ನಡೆಯುವ ಶೋಷಣೆಯಿಂದ ಹಿಡಿದು ಶೌಚಾಲಯವಿಲ್ಲದ ಚಿತ್ರೀಕರಣದ ಜಾಗಗಳವರೆಗೆ ಅದರಲ್ಲಿ ದಾಖಲಾಗಿತ್ತು. ಮುಂದಿನ ತಿಂಗಳೇ ಕನ್ನಡ ಚಿತ್ರರಂಗಕ್ಕೂ ಇಂಥ ಸಮಿತಿ ಬೇಕೆಂದು ಕಲಾವಿದರೂ ಬರಹಗಾರರೂ ರಾಜ್ಯ ಸರ್ಕಾರಕ್ಕೆ ಮನವಿ ಕೊಟ್ಟರು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳದ ನೌಕರರಿಗೆ ಮಾತ್ರವೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ತರಬೇತಿಗೆ ಬಂದವರು, ಸಂಬಳವಿಲ್ಲದೆ ಕೆಲಸ ಕಲಿಯುವವರು ಕೂಡ ಅದರ ರಕ್ಷಣೆಗೆ ಬರುತ್ತಾರೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಮಹಿಳೆಯಾಗಿರಬೇಕು. ಸಣ್ಣ ಸ್ಟುಡಿಯೋಗಳಲ್ಲಿ ಹತ್ತು ಜನ ಇರುವುದಿಲ್ಲ. ಅಂಥ ಕಡೆಯ ದೂರನ್ನು, ಅಥವಾ ಮಾಲೀಕನ ಮೇಲೆಯೇ ಇರುವ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶ ಸಿಗುತ್ತದೆ. 181 ಮಹಿಳಾ ಸಹಾಯವಾಣಿಯ ಸಂಖ್ಯೆ ಮಗಳ ಮೊಬೈಲಿನಲ್ಲಿರಲಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಏನಾದರೂ ಆದರೆ ಮನೆಗೆ ಹೇಳಿಕೊಳ್ಳಬಹುದು ಎಂಬ ಧೈರ್ಯ ಅವಳಿಗಿರಬೇಕು. "ನಾನು ಮೊದಲೇ ಹೇಳಿದ್ದೆ" ಎನ್ನುವ ಮನೆಯಲ್ಲಿ ಹೆಣ್ಣುಮಗಳು ಬಾಯಿ ಬಿಡುವುದಿಲ್ಲ.

ಸಹಿಯ ವಿಷಯದಲ್ಲೂ ಎಚ್ಚರ ಬೇಕು. ಹದಿನೆಂಟು ತುಂಬದವರು ಮಾಡಿದ ಒಪ್ಪಂದಕ್ಕೆ ಕಾನೂನಿನಲ್ಲಿ ಬಲವಿಲ್ಲ. ತುಂಬಿದವರು ಓದದೆ ಸಹಿ ಹಾಕಬಾರದು. ನೌಕರಿಯಲ್ಲಿರುವಾಗ ಮಾಡಿದ ಕೃತಿಯ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದೇ ಆಗುತ್ತದೆ. ಆದರೆ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯ ನಂತರ, ಚಿತ್ರದ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಸಿಗುವ ಗೌರವಧನದಲ್ಲಿ ಬರೆದವರಿಗೂ ರಾಗ ಹಾಕಿದವರಿಗೂ ಪಾಲಿದೆ. ಆ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ಸಿಂಧುವಲ್ಲ. ಇಂಟರ್ನ್ ಹುಡುಗಿ ಬರೆದ ನಾಲ್ಕು ಸಾಲು, ಹಾಡಿದ ಒಂದು ಪಲ್ಲವಿ ಏನಾಗುತ್ತದೆ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ.

ಹತ್ತಿರದ ಬಾಗಿಲುಗಳು

ಬೆಂಗಳೂರೇ ಆಗಬೇಕೆಂದಿಲ್ಲ. ರಾಯಚೂರಿನಲ್ಲಿ ಆಕಾಶವಾಣಿ ಕೇಂದ್ರವಿದೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರ ಉತ್ತರ ಕರ್ನಾಟಕದ ಎಷ್ಟೋ ಕಲಾವಿದರನ್ನು ಬೆಳೆಸಿದೆ. ರಹಿಮತ್ ಖಾನರ ಮೊಮ್ಮಗ, ಸಿತಾರ್ ವಾದಕ ಬಾಲೇಖಾನ್ ಅದೇ ಕೇಂದ್ರದ ಕಲಾವಿದರಾಗಿದ್ದರು. 2006ರ ನಂತರ ಸಂಘ ಸಂಸ್ಥೆಗಳಿಗೂ ಸಮುದಾಯ ಬಾನುಲಿಗೆ ಅನುಮತಿ ಸಿಕ್ಕಿತು. ಕಾಲೇಜುಗಳಿಗೆ ಅದಕ್ಕೂ ಮೊದಲೇ ಇತ್ತು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ 'ಸಾರಂಗ್' ಇಂಥದೊಂದು. ಈ ಬಾನುಲಿಗಳ ಧ್ವನಿ ಹತ್ತಾರು ಕಿಲೋಮೀಟರ್ ಮಾತ್ರ ಕೇಳಿಸುತ್ತದೆ. ಆದರೆ ಕಲಿಯುವವರಿಗೆ ಅದೇ ಒಳ್ಳೆಯದು, ಏಕೆಂದರೆ ಸಣ್ಣ ಜಾಗದಲ್ಲಿ ಎಲ್ಲ ಕೆಲಸಕ್ಕೂ ಕೈ ಹಾಕಬಹುದು.

ಪದವಿಯ ನಂತರ ಮುಂದುವರಿಯುವವರಿಗೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಪ್ರವೇಶಕ್ಕೆ ಬೇಕಾದ ಅರ್ಹತೆಯನ್ನು ಮೊದಲೇ ವಿಚಾರಿಸಬೇಕು. ಸಿಂಧನೂರಿಗೆ 2024ರ ಮಾರ್ಚಿನಲ್ಲಿ ರೈಲು ಬಂದ ಮೇಲೆ ಹುಬ್ಬಳ್ಳಿಯ ದಾರಿಯೂ ಸುಲಭವಾಗಿದೆ.

ಮನೆಯ ಸುತ್ತಲೂ ಕಲಿಯುವುದು ಇದೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಗೊತ್ತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳಿವೆ. ಹಿಂದೂಗಳೂ ಮುಸ್ಲಿಮರೂ ಸೇರಿ ಹಾಡುತ್ತ ಬಂದಿದ್ದಾರೆ. ಶಿಶುನಾಳ ಶರೀಫರೂ (1819–1889) ಇಂಥ ಪದಗಳನ್ನು ಕಟ್ಟಿದ್ದಾರೆ. ಹಾಡುವ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರ ಧ್ವನಿಯನ್ನು ಸರಿಯಾಗಿ ಮುದ್ರಿಸಿ ಇಡುವುದು ಯಾವ ಸ್ಟುಡಿಯೋ ಕೆಲಸಕ್ಕೂ ಕಡಿಮೆಯಲ್ಲ.

ಮಗನನ್ನು ಯಾಕೆ ಕೇಳಲಿಲ್ಲ?

ಒಂದು ಸಂಜೆ ಭಾವನವರೊಂದಿಗೆ ಇದೆಲ್ಲ ಮಾತನಾಡಿದೆ. ಅವರ ನಿಜವಾದ ಹೆದರಿಕೆ ಆಗ ಹೊರಬಂತು. "ಮಂದಿ ಏನಂತಾರ?" ಸಾಗರದ ಸುಹಾನಾ ಸೈಯದ್ 2017ರಲ್ಲಿ ಟಿ.ವಿ. ವೇದಿಕೆಯಲ್ಲಿ ಹಾಡಿದಾಗ ಜಾಲತಾಣಗಳಲ್ಲಿ ಬಂದ ನಿಂದನೆಯನ್ನು ಅವರು ಮರೆತಿರಲಿಲ್ಲ. ಒಬ್ಬ ಹೆಣ್ಣುಮಗಳ ಹೆಸರನ್ನು ಊರೂರಲ್ಲಿ ಎಳೆದಾಡಿದ್ದನ್ನು ನೆನೆದು ತಂದೆಯಾದವನು ಅಂಜುವುದು ಸಹಜ. ಆದರೆ ಆ ನಿಂದನೆಯ ಹೊಣೆ ನಿಂದಿಸಿದವರದು.

ಆಗ ತಂಗಿ ಒಂದು ಮಾತು ಹೇಳಿದಳು. "ಮಗ ಎರಡು ವರ್ಷದಿಂದ ಮದಿವಿಗೆ ಸೌಂಡ್ ಸಿಸ್ಟಂ ಹಾಕಾಕ ಹೋಗ್ತಾನ. ರಾತ್ರಿ ಎರಡಕ್ಕ ಬರ್ತಾನ. ಯಾರ ಕೈಯಾಗ ಕೆಲಸ, ಎಷ್ಟು ಕೊಡ್ತಾರ, ವೈರ್ ಹಿಡಿಯೋವಾಗ ಕೈಗೆ ಏನರ ಹಾಕ್ಕೊಂತಾನೋ ಇಲ್ಲೋ, ಒಂದಿನ ಕೇಳೀರೇನು?"

ಭಾವ ಉತ್ತರ ಕೊಡಲಿಲ್ಲ. ಆ ರಾತ್ರಿ ಮಗ ಬರುವವರೆಗೂ ಎಚ್ಚರವಾಗಿದ್ದು ಕೇಳಿದರು. ಹುಡುಗನಿಗೆ ಮೂರು ತಿಂಗಳ ಕೂಲಿ ಬಾಕಿ ಇರುವುದು ಅಂದು ಮನೆಗೆ ತಿಳಿಯಿತು.

ಸಹೋದರಿಯರೇ, ಇದನ್ನು ನಾವು ಯೋಚಿಸಬೇಕು. ಮಗಳಿಗೆ ಬಾಗಿಲು ಮುಚ್ಚುತ್ತೇವೆ, ಮಗನಿಗೆ ಬಾಗಿಲೇ ಇಡುವುದಿಲ್ಲ. ಎರಡೂ ಕಾಳಜಿಯಲ್ಲ. ಪ್ರಶ್ನೆಗಳನ್ನು ಇಬ್ಬರಿಗೂ ಸಮನಾಗಿ ಕೇಳಬೇಕು. ಉತ್ತರ ಸರಿಯಿದ್ದರೆ ಇಬ್ಬರಿಗೂ ದಾರಿ ಬಿಡಬೇಕು.

ಕೊನೆಗೆ ಹುಡುಗಿ ಹೋದದ್ದು ಬೇರೆ ಜಿಲ್ಲೆಯ ಒಂದು ಕಾಲೇಜಿನ ಸಮುದಾಯ ಬಾನುಲಿಗೆ. ಆ ಊರಿನಲ್ಲಿ ಅವಳ ಫುಪ್ಪು ಇದ್ದಾರೆ. ಕಾಲೇಜಿನಿಂದ ಪತ್ರ ಹೋಯಿತು, ಅಲ್ಲಿಂದ ಉತ್ತರ ಬಂತು: ಬೆಳಿಗ್ಗೆ 10ರಿಂದ ಸಂಜೆ 5, ಭಾನುವಾರ ರಜೆ, ಸ್ಟೈಪೆಂಡ್ ಇಲ್ಲ. ಭಾವ ತಾವೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಮೇಲ್ವಿಚಾರಕಿಯನ್ನು ಕಂಡು, ಚಹಾ ಕುಡಿದು ಬಂದರು.

ಮೂವತ್ತು ದಿನದಲ್ಲಿ ಅವಳು ಮೈಕಿನಿಂದ ಎಷ್ಟು ದೂರ ಕೂರಬೇಕು, ಕೆಮ್ಮು ಉಸಿರಿನ ಸದ್ದನ್ನು ಹೇಗೆ ತೆಗೆಯಬೇಕು, ಇಪ್ಪತ್ತು ನಿಮಿಷಕ್ಕೆ ಎಷ್ಟು ಪುಟ ಬರೆಯಬೇಕು ಎಂಬುದನ್ನು ಕಲಿತಳು. ಕೊನೆಯ ವಾರ ಊರಿನ ರಿವಾಯತ್ ಹಾಡುಗಾರರ ಮೇಲೆ ಒಂದು ಕಾರ್ಯಕ್ರಮ ಮಾಡಿದಳು. ಅದರಲ್ಲಿ ಅವಳ ದಾದಿ ಹೇಳಿದ ಹಳೆಯ ನೆನಪುಗಳೂ ಇದ್ದವು. ಅವಳ ಕಂಠ ಅದರಲ್ಲಿ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಹೆಸರು ಮಾತ್ರ ಇತ್ತು.

ಆ ಬಾನುಲಿ ಸಾಲಗುಂದದವರೆಗೆ ಕೇಳಿಸುವುದಿಲ್ಲ. ಮೊಬೈಲಿಗೆ ಹಾಕಿಕೊಂಡು ತಂದದ್ದನ್ನು ಭಾವ ಅಂಗಳದಲ್ಲಿ ಕುಳಿತು ಪೂರ್ತಿ ಕೇಳಿದರು. ಹೊಗಳಲಿಲ್ಲ. "ನನ್ನ ಅಮ್ಮನ ಮಾತು ಇಷ್ಟು ಸ್ಪಷ್ಟ ಹೆಂಗ ಬಂತು?" ಎಂದು ಕೇಳಿದರು. ಹುಡುಗಿ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಳು.

ಮುಂದೇನು ಎಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಓದು ಮುಂದುವರಿಸುವ ಮಾತು ನಡೆದಿದೆ, ಮದುವೆಯ ಮಾತೂ ನಡೆದಿದೆ. ಆದರೆ ಈಗ ಆ ಮಾತು ನಡೆಯುವಾಗ ಹುಡುಗಿ ಒಳಕೋಣೆಯಲ್ಲಿ ಮಲಗಿರುವುದಿಲ್ಲ. ಅಂಗಳದಲ್ಲಿ ಎಲ್ಲರ ಜೊತೆ ಕುಳಿತಿರುತ್ತಾಳೆ.